ಎರಡನೇ ಸಲದ ಪಲ್ಯ

ಅಕ್ಕನ ಖಾನಾವಳಿಯಲ್ಲಿ ಎರಡನೇ ಸಲ ಪಲ್ಯ ಬೇಕಾದರೆ ಹಸಿವೊಂದೇ ಸಾಲುತ್ತಿರಲಿಲ್ಲ. ಹಿಂದಿನ ದಿನ ನೋಡಿದ ನಾಟಕದ ಬಗ್ಗೆ ಒಂದು ಅಭಿಪ್ರಾಯವೂ ಇರಬೇಕಿತ್ತು. ಅದು ಅವಳ ಅಭಿಪ್ರಾಯದ ಜೊತೆ ಹೊಂದಿದರೆ ಪಲ್ಯದ ಪಕ್ಕದಲ್ಲಿ ಶೇಂಗಾ ಹಿಂಡಿ, ಅದರ ಮೇಲೆ ಒಂದಿಷ್ಟು ಎಣ್ಣೆ. ಹೊಂದದಿದ್ದರೆ ಪಲ್ಯದ ಪಾತ್ರೆ ನಮ್ಮ ತಾಟನ್ನು ದಾಟಿ ಪಕ್ಕದವನ ಮುಂದೆ ಹೋಗಿ ನಿಲ್ಲುತ್ತಿತ್ತು. ಅಭಿಪ್ರಾಯವೇ ಇಲ್ಲ ಎಂದವನಿಗೆ ಮಜ್ಜಿಗೆ ಸಿಗುವುದೂ ಸಂಶಯವಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆಂದು ರೋಣಕ್ಕೆ ಹೋಗಿದ್ದೆ. ಅವಳು ತೀರಿಕೊಂಡದ್ದು ಆಗಲೇ ನನಗೆ ಗೊತ್ತಾದದ್ದು. ಸುದ್ದಿ ಹೇಳಿದವರು ಹೇಳಿ ಮುಗಿಸುವ ಮೊದಲೇ ಬಾಯಲ್ಲಿ ನೀರೂರಿಸಿಕೊಂಡು, "ಏನ್ ಎಣಗಾಯಿ ಮಾಡ್ತಿದ್ಲರೀ ಆಕಿ" ಅಂದರು. ಪಕ್ಕದಲ್ಲಿದ್ದವರು ಅವಳ ರೊಟ್ಟಿ ಎಷ್ಟು ತೆಳುವಾಗಿರುತ್ತಿತ್ತು ಎಂದು ಹೇಳತೊಡಗಿದರು. ಮೂರನೆಯವರು ಝುಣಕದ ಮಾತು ತೆಗೆದರು. ನನಗೆ ಸಿಟ್ಟು ಬಂತು. ಅವಳ ಬಗ್ಗೆ ಹೇಳುವುದು ಅಷ್ಟೇ ಏನು? ಒಳಗಿನ ಕೋಣೆಯಲ್ಲಿ ಹುಡುಗರು ಟಿವಿಯ ಮುಂದೆ ಕೂತು, ತಮ್ಮ ಇಷ್ಟದ ಧಾರಾವಾಹಿಯ ಹೆಸರು ಪ್ರಶಸ್ತಿಯ ನಾಮಿನೇಶನ್ನಿನಲ್ಲೇ ಇಲ್ಲವೆಂದು ಜಗಳ ಆಡುತ್ತಿದ್ದರು. ಈ ಜಗಳವನ್ನು ರೋಣದಲ್ಲಿ ಐವತ್ತು ವರ್ಷ ಮೊದಲೇ ಒಬ್ಬ ಹೆಂಗಸು ಮಾಡಿದ್ದಳು, ಮಾಡಿ ಸೋತಿದ್ದಳು. ಅದು ಅವರಿಗೆ ಗೊತ್ತಿರಲಿಲ್ಲ. ಹೊರಗೆ ಎಣಗಾಯಿ ನೆನೆಸಿಕೊಳ್ಳುತ್ತಿದ್ದ ಹಿರಿಯರಿಗೂ ನೆನಪಿರಲಿಲ್ಲ.

ಅವಳ ಹೆಸರು ಬರೆಯುವುದಿಲ್ಲ. ಊರಲ್ಲಿ ಎಲ್ಲರಿಗೂ ಅವಳು ಅಕ್ಕ, ಅಷ್ಟೇ. ನಾನು ಆಗ ಪೋಸ್ಟಿನಲ್ಲಿ ಹೊಸ ಕಾರಕೂನ. ನಮ್ಮ ಜಿಲ್ಲೆ ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದ ಕಾಲ. ಮದುವೆಯಾಗಿರಲಿಲ್ಲ, ಎರಡು ಹೊತ್ತಿನ ಊಟ ಅವಳಲ್ಲೇ. ಎತ್ತರದ, ಒಣಕಲು ಹೆಂಗಸು. ಸೆರಗಿನ ತುದಿಯಲ್ಲಿ ಒಂದು ಗಂಟು, ಗಂಟಿನಲ್ಲಿ ಉಗ್ರಾಣದ ಕೀಲಿಕೈ. ಗಂಡ ಸತ್ತ ಮೇಲೆ ಭಾವಂದಿರು ತುಂಬಿದ ಮನೆಯಲ್ಲಿ ಕೀಲಿಕೈ ಕೊಟ್ಟು ಬಂದವಳು ಎಂದು ಜನ ಹೇಳುತ್ತಿದ್ದರು. ಅವಳು ಆ ಮಾತನ್ನು ಎಂದೂ ಎತ್ತುತ್ತಿರಲಿಲ್ಲ. ಮಾತೆಲ್ಲ ನಾಟಕದ್ದೇ.

ನಾಟಕಗಳ ಹೆಸರು ಮಾತ್ರ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಕಂಪನಿಯವರು ಏನೇ ಹೆಸರಿಟ್ಟಿರಲಿ, ಅವಳಿಗೆ ಅದು ಕೊಡದ ನಾಟಕ, ತೊಟ್ಟಿಲ ನಾಟಕ, ಕುದುರಿ ನಾಟಕ. ನಾಟಕದಲ್ಲಿ ಕಣ್ಣಿಗೆ ಬಿದ್ದ ಒಂದು ವಸ್ತು ಹಿಡಿದರೆ ಮುಗಿಯಿತು. "ಕುದುರಿ ನಾಟಕದಾಗ ಕುದುರಿ ಎಲ್ಲಿತ್ತಕ್ಕಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಇರಲಿಲ್ಲ. ಬರ್ತೈತಿ ಬರ್ತೈತಿ ಅಂತ ಕಡೀತನಕ ಕೂಡ್ರಿಸಿದ್ರಲ್ಲ, ಅದಕ್ಕ ಕುದುರಿ ನಾಟಕ" ಎಂದಳು.

ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ವಾದ ಮಾಡುತ್ತಿದ್ದಳು. ಸಮಾಧಾನದಲ್ಲಿದ್ದರೆ ಬಡಿತ ನಿಧಾನ. ಯಾರಾದರೂ ರಾಜಾ ಪಾರ್ಟಿನವನನ್ನು ಹೊಗಳಿದರೆ ಬಡಿತ ಜೋರಾಗುತ್ತಿತ್ತು, ಕೂತವರೆಲ್ಲ ತಲೆ ತಗ್ಗಿಸಿ ಉಣ್ಣುತ್ತಿದ್ದೆವು. ಅವಳಿಗೆ ಸರಿಸಮನಾಗಿ ನಿಲ್ಲುತ್ತಿದ್ದವನು ದರ್ಜಿ ಮೌಲಾಸಾಬ ಒಬ್ಬನೇ. ಕಂಪನಿಗಳು ಬಂದಾಗ ಅವರ ಬಟ್ಟೆ ಹೊಲಿದು ಕೊಡುತ್ತಿದ್ದ. ನಾಯಕಿಯ ಪಾತ್ರ ಮಾಡುವವರು ಯಾರೇ ಇರಲಿ, ಅವನು ಅವರ ಪಕ್ಷ. ಖಾನಾವಳಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಹೊರಗಿನಿಂದಲೇ ವಾದಿಸುತ್ತಿದ್ದ. ಅವನಿಗೆ ಪಲ್ಯದ ಹಂಗು ಇರಲಿಲ್ಲ. ಅವನ ಧೈರ್ಯಕ್ಕೆ ಅದೂ ಒಂದು ಕಾರಣವೆಂದು ನನ್ನ ಅನುಮಾನ.

ಅವಳು ಯಾವಾಗಲೂ ಸರಿಯಾಗಿ ಹೇಳುತ್ತಿದ್ದಳು ಎಂದು ಯಾರೂ ತಿಳಿಯಬಾರದು. ಎಷ್ಟೋ ಸಲ ಶುದ್ಧ ಹಟ. ಹಾರ್ಮೋನಿಯಂ ಬಾರಿಸುವವನ ಮುಖ ಸೇರಲಿಲ್ಲವೆಂದು ಇಡೀ ನಾಟಕವನ್ನೇ ಕಸಕ್ಕೆ ಹಾಕಿದ್ದಳು. ಇನ್ನೊಂದು ನಾಟಕದಲ್ಲಿ ರಾಣಿ ಎಡಗೈಯಿಂದ ಬಡಿಸಿದಳೆಂದು ಎದ್ದು ಬಂದಿದ್ದಳು. ಆಗೆಲ್ಲ ಅವಳ ಜೊತೆ ಮಾತಾಡುವುದೇ ಬೇಡವೆನ್ನಿಸಿ, ಪೋಸ್ಟಿನ ಹಿಂದೆ ಕೂತು ಬಾಳೆಹಣ್ಣು ತಿಂದು ಹೊತ್ತು ಕಳೆದದ್ದುಂಟು. ಆದರೆ ಕೀಲಿ ನಾಟಕದ ವಿಷಯದಲ್ಲಿ ಅವಳು ಹೇಳಿದ್ದು ಖರೆ ಇತ್ತು. ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಅದಕ್ಕೇ.

ಆ ನಾಟಕ ತಂದ ಕಂಪನಿ ನರಗುಂದದ ಕ್ಯಾಂಪು ಮುಗಿಸಿ ರೋಣಕ್ಕೆ ಬಂದಿತ್ತು. ಇಲ್ಲಿಂದ ಮುಂದೆ ಗಜೇಂದ್ರಗಡ. ಕ್ಯಾಂಪಿನ ಕೊನೆಯ ದಿನ ಊರಿನವರು ಎರಡು ಬೆಳ್ಳಿ ಪದಕ ಕೊಡುವ ರೂಢಿ ಇತ್ತು, ಒಂದು ಗಂಡಿನ ಪಾತ್ರಕ್ಕೆ, ಒಂದು ಹೆಣ್ಣಿನ ಪಾತ್ರಕ್ಕೆ. ಪದಕ ಬಂದ ನಟರ ಹೆಸರು ಮುಂದಿನ ಊರಿನ ಹ್ಯಾಂಡಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಹೆಸರು ಹಾಗೆ ಅಚ್ಚಾದ ಮೇಲೆ ಮಾಲಕರು ಅಂಥವರನ್ನು ಬಿಡುವ ಹಾಗಿರಲಿಲ್ಲ. ನಮಗೆ ಅದು ಬರೀ ಮೆರವಣಿಗೆಯ ವಿಷಯ. ನಟರಿಗೆ ಮುಂದಿನ ಊರಿನ ಅನ್ನ.

ಆ ಕಂಪನಿಯಲ್ಲಿ ಐವತ್ತು ದಾಟಿದ ಒಬ್ಬ ನಟ ಇದ್ದ. ಚಿಕ್ಕಂದಿನಿಂದಲೂ ಹೆಣ್ಣಿನ ಪಾರ್ಟು ಮಾಡಿಕೊಂಡೇ ಬಂದವನು. ಮೊದಲು ನಾಯಕಿ, ಆಮೇಲೆ ತಾಯಿ, ಈಗ ಅತ್ತೆ. ಕಂಪನಿಗೆ ಹೆಣ್ಣುಮಕ್ಕಳು ಬಂದ ಮೇಲೆ ಅವನ ಪಾರ್ಟುಗಳು ಒಂದೊಂದಾಗಿ ಕೈಬಿಟ್ಟಿದ್ದವು. ಅವನೂ ಅಕ್ಕನಲ್ಲೇ ಉಣ್ಣುತ್ತಿದ್ದ, ಮೂಲೆಯ ಮಣೆಯ ಮೇಲೆ ಕೂತು. ಒಂದು ದಿನ ರೊಟ್ಟಿ ಮುರಿಯುತ್ತ, "ಗಜೇಂದ್ರಗಡಕ್ಕ ನಾ ಹೋಗೋದಿಲ್ರಿ ಅಕ್ಕಾರ. ಮಾಲಕರು ಇಲ್ಲೇ ಸಾಕಂದಾರ" ಎಂದ, ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ಹಾಗೆ.

ಅಕ್ಕನ ಕೈ ನಿಂತಿತು. "ಪದಕ ಬಂದ್ರ?"

"ಬಂದ್ರ ಒಯ್ಯಲೇಬೇಕಲ್ರಿ. ಆದ್ರ ನನಗ ಯಾರ ಕೊಡ್ತಾರ?"

ಅವನು ಅತ್ತೆಯ ಪಾರ್ಟು ಮಾಡುತ್ತಿದ್ದ ನಾಟಕವನ್ನು, ಅಂದರೆ ಅಕ್ಕನ ಕೀಲಿ ನಾಟಕವನ್ನು, ಕಂಪನಿ ಆಡಿದ್ದು ಒಂದೇ ಸಲ, ಅದೂ ರವಿವಾರ ಮಧ್ಯಾಹ್ನ. ಮಧ್ಯಾಹ್ನದ ಆಟಕ್ಕೆ ಊರಲ್ಲಿ ಹೆಂಗಸರ ಆಟ ಎಂದೇ ಹೆಸರು. ಅಸೂಟಿ, ಜಕ್ಕಲಿ ಕಡೆಯಿಂದ ಬಂಡಿ ಕಟ್ಟಿಕೊಂಡು ಹೆಣ್ಣುಮಕ್ಕಳು ಬರುತ್ತಿದ್ದರು. ಊರ ಹಿರಿಯರು ಆ ಹೊತ್ತಿಗೆ ಮಲಗಿರುತ್ತಿದ್ದರು. ನನಗೆ ರವಿವಾರ ರಜೆ, ಹಾಗಾಗಿ ನೋಡಿದ್ದೆ. ಕತೆ ದೊಡ್ಡದೇನಲ್ಲ. ಅತ್ತೆ ಮನೆಯ ಕೀಲಿಕೈಯನ್ನು ಸೊಸೆಗೆ ಕೊಡುತ್ತಾಳೆ. ಕೊಟ್ಟ ಮೇಲೆ ಆ ಮನೆಯಲ್ಲಿ ಅವಳಿಗೆ ಜಾಗ ಉಳಿಯುವುದಿಲ್ಲ. ತವರಿಗೆ ಹೊರಟು ನಿಂತಾಗ ಸೊಸೆ ಅವಳ ಉಡಿ ಕೂಡ ತುಂಬುವುದಿಲ್ಲ. ಹೊರಟ ಮುತ್ತೈದೆಯನ್ನು ಬರಿದಾದ ಉಡಿಯಲ್ಲಿ ಕಳಿಸುವುದು ನಮ್ಮ ಕಡೆ ಬೈದು ಕಳಿಸುವುದಕ್ಕಿಂತ ಕೆಟ್ಟದ್ದು. ಆ ದೃಶ್ಯಕ್ಕೆ ಹೆಂಗಸರ ಕಡೆಯಿಂದ, "ಅಯ್ಯ, ಉಡಿ ತುಂಬಲಿಲ್ಲಲ್ಲಾ" ಎಂದು ಗುಜುಗುಜು ಎದ್ದದ್ದು ಪರದೆ ಬಿದ್ದರೂ ನಿಲ್ಲಲಿಲ್ಲ.

ಮರುದಿನ ಅಕ್ಕ ನನ್ನ ತಾಟಿಗೆ ರೊಟ್ಟಿ ಹಾಕಿ ಅಲ್ಲೇ ನಿಂತಳು. "ತಮ್ಮಾ, ಅಕಿ ಗಂಟ ಬಿಚ್ಚೋದು ನೋಡಿದ್ಯೇನು?"

"ಕೀಲಿಕೈ ಕೊಡೋ ಮುಂದ?"

"ಹ್ಞೂಂ. ಮೊದಲ ಸಡ್ಲ ಮಾಡಿದ್ಲು. ಆಮ್ಯಾಲ ತಾನ ಬಿಗಿ ಮಾಡಿದ್ಲು. ಆಮ್ಯಾಲ ಬಿಚ್ಚಿದ್ಲು. ಬಾಯಿ ಕೊಡತೀನಿ ಅನ್ನಾಕ ಹತ್ತೇತಿ, ಕೈಗೆ ಮನಸಿಲ್ಲ." ಹೇಳುತ್ತ ಹೇಳುತ್ತ ಅವಳ ಕೈ ತನ್ನ ಸೆರಗಿನ ಗಂಟಿಗೇ ಹೋಗಿತ್ತು. "ಇದನ್ನ ಯಾವ ಮಾಲಕ ಕಲಿಸ್ಯಾನ? ಯಾರೂ ಕಲಿಸಿಲ್ಲ. ಪದಕ ಅಕಿಗೇ ಬರಬೇಕು."

ನಟನನ್ನು ಅವಳು ಕೊನೆಯವರೆಗೂ 'ಅಕಿ' ಎಂದೇ ಕರೆದಳು. ಎದುರಿಗೆ ಬಂದರೆ 'ಅಣ್ಣಾ'. ಅದರಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ. ಗೊಂದಲವೆಲ್ಲ ಪದಕದ ಕಮಿಟಿಗೆ.

ಕಮಿಟಿ ಎಂದರೆ ಮೂವರು: ಸಾಲಿಯ ಹೆಡ್ ಮಾಸ್ತರರು, ಒಬ್ಬ ವಕೀಲರು, ಅರಳೆ ಅಡತಿಯ ಸಾಹುಕಾರರು. ವಾಚನಾಲಯದ ಕಟ್ಟೆಯ ಮೇಲೆ ಸಂಜೆ ಸೇರಿ ಹೆಸರುಗಳನ್ನು ಕೇಳುತ್ತಿದ್ದರು. ಯಾರು ಬೇಕಾದರೂ ಹೋಗಿ ತಮ್ಮ ನಟನ ಪರವಾಗಿ ಮಾತಾಡಬಹುದು ಎಂದು ಹೇಳಿಕೆ. ಅಕ್ಕ ಹೋಗುವಂತಿರಲಿಲ್ಲ, ಗಂಡಸರ ಸಭೆ. ನನ್ನನ್ನು ಕಳಿಸಿದಳು. ಅಂದು ಮಧ್ಯಾಹ್ನ ನನ್ನ ತಾಟಿನಲ್ಲಿ ಕೇಳದೇ ಮೂರು ಸಲ ಪಲ್ಯ ಬಿದ್ದಿತ್ತು. ಮೌಲಾಸಾಬನೂ ಜೊತೆಗೆ ಬಂದ, ತನ್ನ ನಾಯಕಿಯ ಪರವಾಗಿ.

ನಾನು ಕೀಲಿ ನಾಟಕದ ಅತ್ತೆಯ ಹೆಸರು ಹೇಳಿದೆ. ವಕೀಲರು ಕನ್ನಡಕ ಏರಿಸಿ, "ಅಂವ ಗಂಡಸಲ್ಲೇನ್ರಿ?" ಎಂದರು.

"ಹೌದ್ರಿ."

"ಹಂಗಾರ ಹೆಣ್ಣಿನ ಪದಕ ಅವಗ ಕೊಡಾಕ ಬರಂಗಿಲ್ಲ. ಕಂಪನ್ಯಾಗ ಖರೇ ಹೆಣ್ಮಕ್ಕಳು ಇದ್ದಾಗ ಮೀಸಿ ಬೋಳಿಸಿದಾವಗ ಕೊಟ್ರ ನರಗುಂದದವ್ರು ನಗ್ತಾರ."

"ಹಂಗಾರ ಗಂಡಿನ ಪದಕ ಕೊಡ್ರಿ" ಎಂದೆ.

"ಗಂಡಿನ ಪಾತ್ರ ಅಂವ ಎಲ್ಲಿ ಮಾಡ್ಯಾನ್ರಿ?" ಎಂದರು ಹೆಡ್ ಮಾಸ್ತರರು, ತರಗತಿಯಲ್ಲಿ ದಡ್ಡನನ್ನು ಕೇಳುವ ಧ್ವನಿಯಲ್ಲಿ. "ಗಂಡಿನ ಪಾತ್ರಕ್ಕ ಗಂಡಿನ ಪದಕ. ನಿಯಮ ಅಂದ್ರ ನಿಯಮ."

ಇಲ್ಲಿ ಮೌಲಾಸಾಬ ತನ್ನ ನಾಯಕಿಯನ್ನು ಮರೆತ. "ಅಲ್ರಿ ಸಾಹೇಬ್ರ, ಹೆಂಗಸಲ್ಲ ಅಂತ ಅಲ್ಲಿಂದ ಎಬ್ಬಿಸಿದ್ರಿ, ಗಂಡಸಲ್ಲ ಅಂತ ಇಲ್ಲಿಂದ ಎಬ್ಬಿಸಿದ್ರಿ. ಹಂಗಾರ ಆ ಮನಶ್ಯಾ ಎಲ್ಲಿ ಕುಂದ್ರಬೇಕ್ರಿ?"

ಸಾಹುಕಾರರಿಗೆ ಊಟದ ಹೊತ್ತಾಗಿತ್ತು. "ಯಾಕ ಸುಮ್ನ ಹೊತ್ತ ಹಾಳ ಮಾಡ್ತೀರಿ. ಆ ನಾಟಕ ನಾವಂತೂ ನೋಡಿಲ್ಲ. ಹೆಂಗಸರ ಆಟ ಅದು" ಎಂದರು.

ಇನ್ನೊಮ್ಮೆ ಆಡಿಸಿ ನೋಡಿರೆಂದು ಬೇಡಿಕೊಂಡೆ. ಕೊನೆಯ ರವಿವಾರಕ್ಕೆ ರಾಜನ ನಾಟಕವೇ ಆಗಬೇಕೆಂದು ಠರಾವು ಆಗಿಹೋಗಿದೆ ಎಂದರು. ನೋಡದ್ದಕ್ಕೆ ಕೊಡಲಾಗದು, ಕೊಡಲಾಗದ್ದನ್ನು ನೋಡುವುದೇಕೆ ಎಂಬ ನ್ಯಾಯ. ಕಟ್ಟೆ ಇಳಿದು ಬರುವಾಗ ನನಗೆ ಆ ಮೂವರನ್ನೂ ಅವಳ ಒಲೆಯ ಮುಂದೆ ತಂದು ಕೂರಿಸಬೇಕೆನ್ನಿಸಿತು.

ಅವರಲ್ಲಿ ಒಬ್ಬರು ಮರುದಿನ ತಾವಾಗಿಯೇ ಬಂದು ಕೂತರು. ಹೆಡ್ ಮಾಸ್ತರರ ಸಂಸಾರ ಬೇರೆ ಊರಲ್ಲಿತ್ತು, ಅವರದೂ ಅಲ್ಲೇ ಊಟ. ಅಕ್ಕ ಹೆಂಚನ್ನು ಒಲೆಯಿಂದ ಇಳಿಸಿದಳು. ಊಟದ ಹೊತ್ತಿನಲ್ಲಿ ಹಾಗೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರ ಎದುರಿಗೆ ಬಂದು ನೆಲದ ಮೇಲೆ ಕೂತು, "ಮಾಸ್ತರ್ರ, ನೀವು ನೋಡಿಲ್ಲ, ನಾ ನೋಡೀನಿ. ನಾ ಹೇಳ್ತೀನಿ, ನೀವು ಕೇಳ್ರಿ" ಎಂದಳು.

ಇಡೀ ನಾಟಕ ಹೇಳಿದಳು. ಅತ್ತೆಯ ಮಾತು, ಸೊಸೆಯ ಮಾತು, ನಡುವೆ ಬಾಯಿ ಮುಚ್ಚಿಕೊಂಡು ನಿಲ್ಲುವ ಮಗನ ಕೆಮ್ಮು. ಸೆರಗಿನ ಗಂಟನ್ನು ಸಡಿಲಿಸಿ, ಬಿಗಿದು, ಬಿಚ್ಚಿ ತೋರಿಸಿದಳು. ಕೂತವರು ಯಾರೂ ರೊಟ್ಟಿ ಕೇಳಲಿಲ್ಲ. ಹೊರಗೆ ಮೌಲಾಸಾಬ ಚಹಾದ ಬಸಿ ಹಿಡಿದುಕೊಂಡೇ ನಿಂತಿದ್ದ. ನನಗೆ ಒಂದು ಕ್ಷಣ ಗೆದ್ದೆವು ಅನ್ನಿಸಿತು.

ಹೆಡ್ ಮಾಸ್ತರರು ಕೇಳಿ ಮುಗಿಸಿ, ಬೆರಳು ಚೀಪಿ, "ಚಲೋ ಹೇಳಿದ್ರಿ ಅಕ್ಕಾರ. ಏನದ, ಈ ಅತ್ತಿ ಸೊಸಿ ಕತಿ ಹೆಣ್ಮಕ್ಕಳಿಗೆ ಭಾಳ ಸೇರತಾವ" ಎಂದರು.

"ಹೌದ್ರಿ. ಗಂಡಸರಿಗೆ ರಾಜಾನ ಕತ್ತಿ ಸೇರತಾವ. ಅದಕ್ಕ ಪದಕ ಐತಿ" ಎಂದು ಅಕ್ಕ ಎದ್ದಳು. ಪಲ್ಯದ ಪಾತ್ರೆ ಅವರ ತಾಟನ್ನು ದಾಟಿ ಹೋಯಿತು. ಅವರು ಅದನ್ನು ಗಮನಿಸಲೂ ಇಲ್ಲ.

ಕೊನೆಯ ರವಿವಾರ ಬಂತು. ಊರ ಹಿರಿಯರು ಅಂದು ಮಾತ್ರ ನಿದ್ದೆ ಬಿಟ್ಟು ಹೋಗಿದ್ದರು, ಮಧ್ಯಾಹ್ನದ ಆಟದ ನಡುವೆಯೇ ಪದಕ ಕೊಡುವವರಿದ್ದರು. ಗಂಡಿನದು ರಾಜಾ ಪಾರ್ಟಿನವನಿಗೆ, ಹೆಣ್ಣಿನದು ನಾಯಕಿಗೆ ಎಂದು ಊರಿಗೆಲ್ಲ ಗೊತ್ತಾಗಿತ್ತು. ಆ ದಿನದ ನಾಟಕದಲ್ಲಿ ಅತ್ತೆಯ ಪಾರ್ಟಿನವನಿಗೆ ಕೆಲಸವೇ ಇರಲಿಲ್ಲ. ಟ್ರಂಕು ತಂದು ಖಾನಾವಳಿಯ ಮೂಲೆಯಲ್ಲಿಟ್ಟು, ಎರಡು ದಿನದ ಗಡ್ಡದಲ್ಲಿ, ಊಟ ಮುಗಿಸಿ ಬೀಡಿ ಸೇದುತ್ತ ಮಣೆಯ ಮೇಲೆ ಕೂತಿದ್ದ. ನಾನೂ ಆಟಕ್ಕೆ ಹೋಗಲಿಲ್ಲ. ಚಪ್ಪಾಳೆ ತಟ್ಟುವ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಜಕ್ಕಲಿಯ ನಾಲ್ಕೈದು ಹೆಂಗಸರು ಬಂದು ನಿಂತರು. ಮುಂದೆ ಒಬ್ಬ ಹಿರಿಯಳು, ಕೈಯಲ್ಲಿ ಮುಚ್ಚಿದ ಬುಟ್ಟಿ. "ಯವ್ವಾ, ನಾಟಕದಾಕಿ ಅತ್ತಿ ಇಲ್ಲೇ ಉಣ್ತಾಳಂತಲ್ಲ, ಎಲ್ಲಿ ಅದಾಳ?"

"ಯಾವ ಅತ್ತಿ?" ಎಂದಳು ಅಕ್ಕ.

"ಉಡಿ ತುಂಬದ ಕಳಿಸಿದ್ರಲ್ಲ, ಅಕಿ. ಮನಿಗೆ ಹೋದ ಮ್ಯಾಲೂ ಜೀವ ತಡೀಲಿಲ್ಲವ್ವಾ. ಯಾರ ಮನಿ ಹೆಣ್ಮಗಳೋ ಏನೋ, ನಮ್ಮ ಕಣ್ಣಮುಂದ ಬರೇ ಉಡೀಲೆ ಹೋದ್ಲು. ಅದಕ್ಕ ತಂದೀವಿ." ಬುಟ್ಟಿಯ ಬಟ್ಟೆ ಸರಿಸಿದಳು. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಎಲೆ ಅಡಕೆ, ಅರಿಷಿಣದ ಕೊಂಬು, ಎಲ್ಲ ಇತ್ತು.

ಅಕ್ಕ ಮೂಲೆಯ ಕಡೆ ಕೈ ತೋರಿಸಿದಳು.

ಹೆಂಗಸರು ನೋಡಿದರು. ಅವನು ಗಡಬಡಿಸಿ ಬೀಡಿ ನೆಲಕ್ಕೆ ಒತ್ತಿ ಎದ್ದು ನಿಂತ. ಹಿಂದಿದ್ದ ಎಳೆಯ ಸೊಸೆಯೊಬ್ಬಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಹಿರಿಯಳ ಮುಖದಲ್ಲಿ ನಗು ಇರಲಿಲ್ಲ. ಮೋಸ ಹೋದವರ ಸಿಟ್ಟಿತ್ತು. "ಇದು ಗಂಡಸಲ್ಲೇನವ್ವಾ?"

"ಅಣ್ಣಾ," ಎಂದಳು ಅಕ್ಕ, "ಗಂಟ ಬಿಚ್ಚು."

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಹೆಗಲ ಮೇಲಿನ ವಸ್ತ್ರದ ತುದಿ ಹಿಡಿದ. ಅದರಲ್ಲಿ ಗಂಟೂ ಇರಲಿಲ್ಲ, ಕೀಲಿಕೈಯೂ ಇರಲಿಲ್ಲ. ಸಡಿಲ ಮಾಡಿದ. ಮತ್ತೆ ಬಿಗಿ ಮಾಡಿದ. ಕೈ ಅಲ್ಲೇ ನಿಂತಿತು. ಆಮೇಲೆ ಬಿಚ್ಚಿದ. ಗಡ್ಡ ಗಡ್ಡವಾಗಿಯೇ ಇತ್ತು. ಆದರೂ ಹಿರಿಯಳು ಹತ್ತಿರ ಹೋಗಿ ಅವನ ಮುಖವನ್ನು ದಿಟ್ಟಿಸಿ, "ಅಕಿನ" ಎಂದಳು. "ಕುಂದ್ರವ್ವಾ."

ಮಣೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂರಿಸಿದರು. ಹಣೆಗೆ ಅರಿಷಿಣ ಕುಂಕುಮ ಹಚ್ಚಿದರು. ವಸ್ತ್ರವನ್ನು ಎರಡೂ ಕೈಯಲ್ಲಿ ಹೇಗೆ ಒಡ್ಡಿ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಕ್ಕಿದ್ದ ಸೊಸೆಯೇ ತೆಂಗಿನಕಾಯಿ ಇಟ್ಟಳು. ಅವನು ಅಳುತ್ತಿದ್ದ. ನಾಟಕದಲ್ಲಿ ಅತ್ತದ್ದಕ್ಕಿಂತ ಈ ಅಳು ಕೆಟ್ಟದಾಗಿತ್ತು, ಮೂಗು ಸೋರುತ್ತಿತ್ತು. ಅದೇ ಹೊತ್ತಿಗೆ ಥಿಯೇಟರಿನ ಕಡೆಯಿಂದ ಚಪ್ಪಾಳೆ ಕೇಳಿತು. ಪದಕ ಕೊಟ್ಟರೆಂದು ತೋರುತ್ತದೆ.

ಅಕ್ಕ ಇದೆಲ್ಲ ನಡೆಯುವಾಗ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಗಂಡ ಸತ್ತವಳು, ಉಡಿ ತುಂಬುವಲ್ಲಿ ಅವಳಿಗೆ ಜಾಗ ಇಲ್ಲ. ಹೆಂಗಸರು ಅವಳನ್ನು ಕರೆಯಲಿಲ್ಲ, ಅವಳೂ ಹತ್ತಿರ ಬರಲಿಲ್ಲ. ಅವರು ಹೊರಟುಹೋದ ಮೇಲೆ ಅವನು ತುಂಬಿದ ಉಡಿ ಹಿಡಿದುಕೊಂಡೇ ಎದ್ದು, ಅದರೊಳಗಿಂದ ಒಂದು ಹಿಡಿ ಅಕ್ಕಿ ತೆಗೆದು ಅವಳ ಮುಂದೆ ಚಾಚಿದ.

"ಬ್ಯಾಡಣ್ಣಾ. ನಾ ತಗೊಳ್ಳೋಕಿ ಅಲ್ಲ."

"ನಾ ಕೊಡಾಕೀನೂ ಅಲ್ರಿ ಅಕ್ಕಾರ" ಎಂದ.

ಅಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ, ಕೀಲಿಕೈಯನ್ನು ಇನ್ನೊಂದು ಕೈಗೆ ತೆಗೆದುಕೊಂಡು, ಸೆರಗು ಒಡ್ಡಿದಳು.

ಅವನು ಸಂಜೆಯ ಬಸ್ಸಿಗೆ ಹೋದ. ಯಾವ ಊರಿಗೆ ಎಂದು ನಾನು ಕೇಳಲಿಲ್ಲ. ಆಮೇಲೆ ಅವನ ಸುದ್ದಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಕಂಪನಿಯ ತಗಡು, ಪರದೆಗಳೆಲ್ಲ ಲಾರಿ ಏರಿ ಗಜೇಂದ್ರಗಡಕ್ಕೆ ಹೋದವು.

ಕೆಲವು ದಿನಗಳ ಮೇಲೆ ಮೌಲಾಸಾಬ ಬಟ್ಟೆ ಕೊಡಲು ಗಜೇಂದ್ರಗಡಕ್ಕೆ ಹೋಗಿ ಬಂದ. ಮಧ್ಯಾಹ್ನ ಊಟದ ಹೊತ್ತಿಗೆ ಹೊಸ ಹ್ಯಾಂಡಬಿಲ್ಲು ತಂದು ತೋರಿಸಿದ. ರೋಣದ ಬೆಳ್ಳಿ ಪದಕ ಪಡೆದ ರಾಜ, ರೋಣದ ಬೆಳ್ಳಿ ಪದಕ ಪಡೆದ ನಾಯಕಿ, ದಪ್ಪ ಅಕ್ಷರದಲ್ಲಿ. ನಾನು ಅಕ್ಕನಿಗೆ ಓದಿ ಹೇಳಿದೆ. ಹೆಡ್ ಮಾಸ್ತರರು ಊರಿನ ಹೆಸರು ಬಂತೆಂದು ಖುಷಿಪಟ್ಟರು.

"ಅಲ್ಲಿ ಕೀಲಿ ನಾಟಕದಾಗ ಅತ್ತಿ ಯಾರ ಮಾಡ್ತಾರ ಮೌಲಾ?" ಎಂದು ಅಕ್ಕ ಕೇಳಿದಳು.

"ಆ ನಾಟಕಾನ ತಗದ ಹಾಕ್ಯಾರಂತ ಅಕ್ಕಾ. ಮಂದಿ ಕೂಡಂಗಿಲ್ಲ ಅಂದ್ರು ಮಾಲಕರು."

ಬಡಿಯುತ್ತಿದ್ದ ರೊಟ್ಟಿಯನ್ನು ಅವಳು ಬಡಿದು ಮುಗಿಸಿದಳು. ಬಡಿತ ಜೋರೂ ಆಗಲಿಲ್ಲ, ನಿಧಾನವೂ ಆಗಲಿಲ್ಲ. ಅದನ್ನು ಹೆಂಚಿಗೆ ಹಾಕಿ, ಪಲ್ಯದ ಪಾತ್ರೆ ಎತ್ತಿಕೊಂಡು ಸಾಲಿನ ತುದಿಯಿಂದ ಬಂದಳು. ನಾನು ಆ ಕಂಪನಿಯ ಮಾಲಕನನ್ನು ಬೈಯಲು ಬಾಯಿ ತೆರೆದೆ, ಅವಳಿಗೆ ಸೇರುತ್ತದೆಂದು. ಅವಳು ನನ್ನ ಮಾತಿಗೆ ಕಾಯದೆ ಬಡಿಸಿ ಮುಂದೆ ಹೋದಳು. ಅಂದು ಯಾರ ಅಭಿಪ್ರಾಯವನ್ನೂ ಕೇಳದೆ ಎಲ್ಲರಿಗೂ ಎರಡನೇ ಸಲ ಪಲ್ಯ ಬಡಿಸಿದಳು. ನನಗೆ ವರ್ಗವಾಗಿ ರೋಣ ಬಿಡುವತನಕ ಆಮೇಲೆ ದಿನವೂ ಹಾಗೆಯೇ.

"ಎಣಗಾಯಿ ಭಾಳ ಚಲೋ ಆಗೇತ್ರಿ ಅಕ್ಕಾರ" ಎಂದರು ಅಂದು ಹೆಡ್ ಮಾಸ್ತರರು.

"ಹ್ಞೂಂ. ಉಣ್ರಿ" ಎಂದಳು.